ಹಡಗಿನಲ್ಲಿ ಬಂದ ಗೊಬ್ಬರ

ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ. ಇಲ್ಲೆಲ್ಲ ನಾವು ಆಲೂಗಡ್ಡೆ ಬೆಳೆಯುತ್ತೇವೆ. ಮುಂಗಾರು ಬಂತು ಅಂದ್ರೆ ಬಿತ್ತನೆ. ಗಡ್ಡೆ ದಪ್ಪ ಆಗಬೇಕಾದ್ರೆ ಪೊಟ್ಯಾಷ್ ಬೇಕು.

ಈ ಎಂ.ಓ.ಪಿ. ಪೊಟ್ಯಾಷ್ ಹೊರದೇಶದ್ದು. ಕೆನಡಾ, ರಷ್ಯಾ, ಜೋರ್ಡಾನ್ ಮುಂತಾದ ಕಡೆಯಿಂದ ಹಡಗಿನಲ್ಲಿ ಬರುತ್ತದೆ. ಮಂಗಳೂರಿನ ಪಣಂಬೂರು ಬಂದರಿನಲ್ಲೂ ಇಳಿಯುತ್ತದೆ.

ಇಳಿದ ತಕ್ಷಣ ಲಾರಿಗೆ ತುಂಬುವಂತಿಲ್ಲ. ಬಂದರಿನಲ್ಲಿ ಸುಂಕದ ಕಚೇರಿ ಇದೆ. 1962ರ ಕಾಯಿದೆ ಪ್ರಕಾರ ಅಲ್ಲಿ ಮಾಲಿನ ವಿವರ ಕೊಡಬೇಕು. ಆ ಪತ್ರಕ್ಕೆ ‘ಬಿಲ್ ಆಫ್ ಎಂಟ್ರಿ’ ಅಂತಾರೆ. ಮಾಲು ತರಿಸಿದವರ ಪರವಾಗಿ ಅದನ್ನು ತುಂಬುವವರು ಕಸ್ಟಮ್ಸ್ ಬ್ರೋಕರ್. ಅವರು ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬೇಕು.

ಏನು ಮಾಲು? ಯಾವ ದೇಶದ್ದು? ತೂಕ ಎಷ್ಟು? ಬೆಲೆ ಎಷ್ಟು? ಎಲ್ಲ ಬರೆಯಬೇಕು. ಪ್ರತಿ ಮಾಲಿಗೂ ಒಂದು ನಂಬರು ಇದೆ. ಈ ಪೊಟ್ಯಾಷ್‌ನ ನಂಬರು 31042000. ಒಂದು ಅಂಕಿ ತಪ್ಪಿದರೆ ಸುಂಕದ ಲೆಕ್ಕವೇ ತಪ್ಪಬಹುದು. ಮಾಲು ಬಂದರಲ್ಲೇ ನಿಲ್ಲಬಹುದು. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡರೆ ಆಗುತ್ತದೆಯೇ? ಕಾಗದ ಸರಿ ಇರಬೇಕು. ಇಲ್ಲದಿದ್ದರೆ ಗೊಬ್ಬರ ತಡ. ಮಳೆ ನಮಗಾಗಿ ಕಾಯೋದಿಲ್ಲ.

ಅಲ್ಲಿ ಅವರು ಅಂಕಿ ನೋಡಿ ಬರೀತಾರೆ. ಇಲ್ಲಿ ನಾವೂ ಅಂಕಿ ನೋಡಿ ಕೊಳ್ಳೋಣ. ಚೀಲದ ಮೇಲೆ ತೂಕ 50 ಕಿಲೋ ಅಂತ ಇದೆಯೇ? ಪೊಟ್ಯಾಷ್ ಅಂಶ ನೂರಕ್ಕೆ 60 ಅಂತ ಇದೆಯೇ? ಗರಿಷ್ಠ ಬೆಲೆ ಎಷ್ಟು? ಅದಕ್ಕಿಂತ ಹೆಚ್ಚು ಕೊಡುವುದು ಬೇಡ. ರಸೀತಿ ಕೇಳಿ ಪಡೆಯೋಣ.

ಅಭ್ಯಾಸ
1. ಬಿಲ್ ಆಫ್ ಎಂಟ್ರಿಯಲ್ಲಿ ಏನೇನು ಬರೆಯುತ್ತಾರೆ?
2. ಮನೆಯಲ್ಲಿರುವ ಗೊಬ್ಬರದ ಚೀಲ ಓದಿ. ತೂಕ, ಬೆಲೆ ಬರೆಯಿರಿ.