ಮಸ್ಕತ್ತಿನ ಹಿತ್ತಲಿಗೆ ಯಾವ ಟಿಲ್ಲರ್?

ಒಮಾನ್‌ನಲ್ಲಿ ಅಕ್ಟೋಬರ್ ಬಂತು ಅಂದ್ರೆ ತರಕಾರಿ ಬೆಳೆಯೋರ ಕೈ ಸುಮ್ಮನಿರಲ್ಲ. ಬಿಸಿಲಿನ ಜೋರು ಇಳಿಯುತ್ತೆ. ಮತ್ತೆ ಬೇಸಿಗೆ ಏರೋದರೊಳಗೆ ಟೊಮೆಟೊ, ಬದನೆ, ಮೆಂತ್ಯ, ದಂಟು ಎಲ್ಲ ಬೆಳೆದುಕೊಳ್ಳಬೇಕು. ಹಾಗಾಗಿ ಮಸ್ಕತ್, ಸೀಬ್, ಬರ್ಕಾ ಕಡೆಯ ಕೇಳುಗರು ಈ ಹೊತ್ತಲ್ಲಿ ನಮ್ಮನ್ನು ಕೇಳೋದು ಇದನ್ನೇ: ಹಿತ್ತಲು ಅಗೆಯೋಕೆ ಯಾವ ಟಿಲ್ಲರ್ ತಗೊಳ್ಳಲಿ?

ಮೊದಲು ನಾವು ಕೆಟ್ಟ ಕಥೆ ಕೇಳಿ. ಸೀಬ್‌ನ ಬಾಡಿಗೆ ಮನೆ ಹಿಂದೆ ನಮಗೆ 300 ಚದರಡಿ ಜಾಗ ಇತ್ತು. ಮೊದಲ ವರ್ಷ ಪರಿಚಯದವರಿಂದ ಟಿಲ್ಲರ್ ತಂದು, ನೀರು ಹಾಯಿಸಿದ ಮರುದಿನವೇ ಉದ್ದಕ್ಕೆ, ಅಡ್ಡಕ್ಕೆ ನಾಲ್ಕು ಸಲ ಓಡಿಸಿದೆವು. ಒಣಗಿದ ಮೇಲೆ ಮಣ್ಣು ರಾಗಿ ಹಿಟ್ಟಿನ ಹಾಗಾಯ್ತು. ನಮಗೆ ಖುಷಿಯೋ ಖುಷಿ! ಮೂರು ವಾರ ಕಳೆಯೋದರೊಳಗೆ ಮಡಿಗಳ ಮೇಲೆ ಹಪ್ಪಳದಂಥ ಗಟ್ಟಿ ಪದರ, ಅಲ್ಲಲ್ಲಿ ಬಿಳಿ ಉಪ್ಪು, ಎಲ್ಲಿ ನೋಡಿದರೂ ಜೇಕು. ಟೊಮೆಟೊ ಸಸಿಗಳು ಎಲೆಯಂಚು ಸುಟ್ಟು ಸತ್ತವು. ಆ ವರ್ಷದ ಬೆಳೆ ಅಲ್ಲಿಗೆ ಮುಗೀತು. ಜೀವವಿಜ್ಞಾನ ಓದಿದವರಾಗಿ ನಮಗೆ ಮೊದಲೇ ಹೊಳೆಯಬೇಕಿತ್ತು.

ಆಗಿದ್ದೇನು ಅಂತ ಒಂದೊಂದಾಗಿ ನೋಡೋಣ.

ಮಣ್ಣಿನಲ್ಲಿ ಮರಳು, ಗೋಡು, ಜೇಡಿ ಕಣಗಳಿರುತ್ತವೆ. ಬ್ಯಾಕ್ಟೀರಿಯಾಗಳು ಬಿಡುವ ಅಂಟು, ಶಿಲೀಂಧ್ರಗಳ ನವಿರಾದ ಎಳೆಗಳು ಇವನ್ನೆಲ್ಲ ಸಣ್ಣ ಸಣ್ಣ ಉಂಡೆಗಳಾಗಿ ಕಟ್ಟುತ್ತವೆ. ಉಂಡೆಗಳ ನಡುವಿನ ಸಂದಿಯಲ್ಲೇ ಗಾಳಿ ಆಡೋದು, ನೀರು ಇಳಿಯೋದು. ಟಿಲ್ಲರ್ ಮತ್ತೆ ಮತ್ತೆ ಓಡಿದರೆ ಉಂಡೆಗಳು ಒಡೆಯುತ್ತವೆ. ಮುಂದಿನ ಸಲ ನೀರು ಬಿಟ್ಟಾಗ ನುಣುಪು ಕಣಗಳು ಸಂದಿಗಳನ್ನು ಮುಚ್ಚಿ, ಒಣಗಿ ಹಪ್ಪಳವಾಗುತ್ತವೆ.

ಎರಡನೆಯದು, ಗೊಬ್ಬರದ ಅಂಶ. ಮಣ್ಣು ಕೆದಕಿದಾಗ ಒಳಗೆ ಆಮ್ಲಜನಕ ಹೋಗುತ್ತೆ, ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ಬೇಗ ಬೇಗ ತಿಂದು ಮುಗಿಸುತ್ತವೆ. ತೇವ ಇದ್ದರೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಈ ವೇಗ ಸುಮಾರು ದುಪ್ಪಟ್ಟು. ಮರುಭೂಮಿಯ ಮಣ್ಣಿನಲ್ಲಿ ಸಾವಯವ ಅಂಶ ಸಾಮಾನ್ಯವಾಗಿ ಶೇ. 1 ಕೂಡ ಇರಲ್ಲ. ಅಂಥ ಕಡೆ ಪದೇ ಪದೇ ಉತ್ತರೆ ಹಾಕಿದ ಕಾಂಪೋಸ್ಟ್ ಉಳಿಯುವುದು ಹೇಗೆ?

ಮೂರನೆಯದು ಉಪ್ಪು. ಬಾತಿನಾ ಕರಾವಳಿಯಲ್ಲಿ ಅಂತರ್ಜಲವನ್ನು ಅತಿಯಾಗಿ ಎತ್ತಿದ್ದರಿಂದ ಸಮುದ್ರದ ನೀರು ಒಳನುಗ್ಗಿ ಎಷ್ಟೋ ಬಾವಿಗಳು ಉಪ್ಪಾಗಿವೆ. ಆ ನೀರು ಹಾಯಿಸಿದರೆ ನೀರು ಆವಿಯಾಗುತ್ತೆ, ಉಪ್ಪು ಮೇಲೆ ಉಳಿಯುತ್ತೆ. ನಾವು ಆ ಬಿಳಿ ಪದರವನ್ನೇ ಕಲಸಿ ಬೇರಿನ ಮಟ್ಟಕ್ಕೆ ಇಳಿಸಿದ್ವಿ. ಮೊದಲು ಅದನ್ನು ಕೆರೆದು ತೆಗೆದು, ಸಿಕ್ಕಷ್ಟು ಸಿಹಿನೀರು ಧಾರಾಳವಾಗಿ ಹಾಯಿಸಿ, ಉಪ್ಪನ್ನು ಬೇರಿಗಿಂತ ಆಳಕ್ಕೆ ತಳ್ಳಬೇಕಿತ್ತು.

ಇನ್ನು ಜೇಕು, ಗರಿಕೆ. ಜೇಕಿನ ಗಡ್ಡೆಗಳ ಸರಪಳಿ ಕಡಿದರೆ ಒಂದೊಂದು ಗಡ್ಡೆಯೂ ಬೇರೆ ಬೇರೆ ಮೊಳಕೆ ಒಡೆಯುತ್ತೆ. ಗರಿಕೆ ತುಂಡೂ ಅಷ್ಟೇ. ನಾವು ಟಿಲ್ಲರ್‌ನಲ್ಲಿ ಕಳೆಯನ್ನೇ ಬಿತ್ತಿದ್ವಿ ಅನ್ನಿ. ಇವನ್ನು ಫೋರ್ಕ್ ಹಾಕಿ ಗಡ್ಡೆ ಸಮೇತ ಎತ್ತಬೇಕು.

ಹಾಗಾದ್ರೆ ಯಂತ್ರವೇ ಬೇಡವಾ? ಬೇಕು. ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ 1912ರಲ್ಲಿ ಅಪ್ಪನ ಹೊಲದಲ್ಲಿ ಇದರ ಪ್ರಯೋಗ ಶುರು ಮಾಡಿದರು. ನಮ್ಮೂರಲ್ಲಿ ಟ್ರ್ಯಾಕ್ಟರ್ ಹಿಂದೆ ಕಟ್ಟುವ ರೋಟವೇಟರ್ ಬಂದಿದ್ದು ಅಲ್ಲಿಂದಲೇ. ಗಟ್ಟಿ ನೆಲವನ್ನು ಮೊದಲ ಸಲ ಬಿಡಿಸೋಕೆ, ಕಾಂಪೋಸ್ಟ್ ಬೆರೆಸೋಕೆ ಇದು ನಿಜಕ್ಕೂ ಉಪಯೋಗಿ.

ಆಯ್ಕೆಗೆ ಬರೋಣ. ಚಿಕ್ಕದು ಮಿನಿ ಕಲ್ಟಿವೇಟರ್. 10-15 ಕೆ.ಜಿ. ತೂಕ, ಒಂದಡಿಯೊಳಗಿನ ಅಗಲ. ಒಮ್ಮೆ ಸಡಿಲವಾದ ಮಡಿಗೆ, 300-500 ಚದರಡಿಗೆ ಇಷ್ಟು ಸಾಕು. ಎರಡನೆಯದು, ಹಲ್ಲುಗಳು ಮುಂದಿರುವ ಟಿಲ್ಲರ್. ಇದನ್ನು ಮುಂದಕ್ಕೆ ಎಳೆಯೋದು ಹಲ್ಲುಗಳೇ. ವಾದಿಯ ಜಲ್ಲಿ ತುಂಬಿದ ನೆಲದಲ್ಲಿ ಇದು ಕುಣಿಯುತ್ತೆ, ಹಿಡಿದು ನಿಲ್ಲಿಸೋ ತೋಳಿಗೆ ಸುಸ್ತು. ಮೂರನೆಯದರಲ್ಲಿ ಹಲ್ಲುಗಳು ಹಿಂದೆ, ಚಕ್ರಕ್ಕೂ ಎಂಜಿನ್ ಬಲ. ಹಲ್ಲುಗಳು ಚಕ್ರಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗುವಂಥದ್ದು ಹೊಸ ಗಟ್ಟಿ ನೆಲಕ್ಕೆ ಒಳ್ಳೆಯದು. ಆದರೆ ಭಾರ, ಬೆಲೆ ಎರಡೂ ಹೆಚ್ಚು. ತಿರುಗಿಸೋಕೆ ಜಾಗವೂ ಬೇಕು. ಗೇಟಿನ ಅಗಲ ಅಳೆದುಕೊಂಡೇ ಅಂಗಡಿಗೆ ಹೋಗಿ.

ನಮ್ಮ ಸಲಹೆ ಇದು: ದೊಡ್ಡದನ್ನು ಒಂದೇ ದಿನಕ್ಕೆ ಬಾಡಿಗೆಗೋ ಕೈಗಡವಾಗೋ ತನ್ನಿ. ಮೊದಲ ವರ್ಷ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಆರು ಇಂಚು ಆಳಕ್ಕೆ ಓಡಿಸಿ ಕಾಂಪೋಸ್ಟ್ ಬೆರೆಸಿ. ಮುಂದಿನ ವರ್ಷಗಳಲ್ಲಿ ಗೊಬ್ಬರ ಮೇಲೆಯೇ ಹರಡಿ ಖರ್ಜೂರದ ಗರಿಯ ಚೂರಿನಿಂದ ಮುಚ್ಚಿಗೆ ಮಾಡಿ. ನೆಟ್ಟ ಕಡೆಯಷ್ಟೇ ಕೈಯಲ್ಲಿ ಸಡಿಲಿಸಿದರೆ ಸಾಕು.

ಓಡಿಸುವ ಮುನ್ನ ಹದ ನೋಡಿ. ಆರು ಇಂಚು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ, ಬೆರಳಿಂದ ಒತ್ತಿ. ಉದುರಿದರೆ ಹದ ಬಂದಿದೆ. ಅಂಟಿಕೊಂಡರೆ ಎರಡು ದಿನ ಕಾಯಿರಿ. ಒಣ ಧೂಳಾಗಿದ್ದರೆ ಸ್ವಲ್ಪ ನೀರು ಬಿಟ್ಟು ಕಾಯಿರಿ. ಹನಿ ನೀರಾವರಿ ಪೈಪು, ಕರೆಂಟಿನ ಕೇಬಲ್ ಎಲ್ಲಿ ಹೂತಿದೆ ಅಂತ ಮನೆ ಮಾಲೀಕರನ್ನು ಕೇಳಿಕೊಳ್ಳಿ. ಕಾಲಿಗೆ ಗಟ್ಟಿ ಬೂಟು ಇರಲಿ. ಹಲ್ಲಿಗೆ ಬೇರು ಸುತ್ತಿಕೊಂಡರೆ ಎಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್‌ನ ವೈರ್ ಕಳಚಿ, ಆಮೇಲೇ ಕೈ ಹಾಕಿ. ಇಲ್ಲಿನ ಧೂಳಿಗೆ ಏರ್ ಫಿಲ್ಟರನ್ನು ಪ್ರತಿ ಸಲವೂ ನೋಡಬೇಕು.

ಎರಡನೇ ವರ್ಷ ನಾವು ಹೀಗೇ ಮಾಡಿದ್ವಿ. ಜೇಕು ಇನ್ನೂ ಪೂರ್ತಿ ಹೋಗಿಲ್ಲ, ಆದರೆ ಜನವರಿಯಲ್ಲಿ ಸಾರಿಗೆ ಮನೆಯ ಟೊಮೆಟೊನೇ ಬಿತ್ತು. ನಿಮ್ಮ ಹಿತ್ತಲಿನ ಮಣ್ಣು ಹೇಗಿದೆ ಅಂತ ನಮಗೆ ಬರೆದು ತಿಳಿಸಿ.