ಎಂಟು ತಿಂಗಳ ಮುಖ್ಯಮಂತ್ರಿ, ಉಳಿದುಕೊಂಡ ತೀರ್ಪು: ಎಸ್.ಆರ್. ಬೊಮ್ಮಾಯಿ ಕುರಿತು ಒಂದು ಪಾಠ

ತರಗತಿ: 9
ವಿಷಯ: ಸಮಾಜ ವಿಜ್ಞಾನ (ರಾಜ್ಯಶಾಸ್ತ್ರ)
ಅವಧಿ: 40 ನಿಮಿಷ
ಸ್ಥಳ: ನಾಗರಬಾವಿ ಪರಿಸರದ ಪ್ರೌಢಶಾಲೆಗಳು

ಈ ಪಾಠ ಏಕೆ?

ರಾಜ್ಯ ಸರ್ಕಾರದ ಘಟಕವನ್ನು ಬೋಧಿಸುವಾಗ ಪ್ರಶಿಕ್ಷಣಾರ್ಥಿಗಳು ಮುಖ್ಯಮಂತ್ರಿಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು ಮುಂದೆ ಹೋಗುವುದುಂಟು. ಆ ಪಟ್ಟಿಯಲ್ಲಿ ಅಲ್ಪಾವಧಿಯ ಹೆಸರುಗಳು ಮಕ್ಕಳ ಗಮನಕ್ಕೆ ಬರುವುದೇ ಇಲ್ಲ. ಆದರೆ ಸಂವಿಧಾನದ 356ನೇ ವಿಧಿಯನ್ನು ಅರ್ಥ ಮಾಡಿಸಲು ಅಂಥ ಒಂದು ಹೆಸರೇ ಉತ್ತಮ ದಾರಿ.

ಉದ್ದೇಶಗಳು

1. ಬಹುಮತ ಎಂದರೇನು, ಅದನ್ನು ಎಲ್ಲಿ ಪರೀಕ್ಷಿಸಬೇಕು ಎಂಬುದನ್ನು ವಿದ್ಯಾರ್ಥಿ ವಿವರಿಸುವನು.
2. ರಾಷ್ಟ್ರಪತಿ ಆಳ್ವಿಕೆಗೆ ಇರುವ ಮಿತಿಗಳನ್ನು ಗುರುತಿಸುವನು.
3. ಘಟನೆಯನ್ನೂ ಅಭಿಪ್ರಾಯವನ್ನೂ ಬೇರ್ಪಡಿಸುವನು.

ವಿಷಯ ನಿರೂಪಣೆ

ಸೋಮಪ್ಪ ರಾಯಪ್ಪ ಬೊಮ್ಮಾಯಿ 1924ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ ಜನಿಸಿದರು. ವೃತ್ತಿಯಿಂದ ವಕೀಲರು, ಎಂ.ಎನ್. ರಾಯ್ ಅವರ ಚಿಂತನೆಯಿಂದ ಪ್ರಭಾವಿತರು. ಹುಬ್ಬಳ್ಳಿ ಗ್ರಾಮಾಂತರ ಕ್ಷೇತ್ರದ ಶಾಸಕರಾಗಿ, ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಚಿವರಾಗಿದ್ದರು. ಹೆಗಡೆಯವರು ರಾಜೀನಾಮೆ ಕೊಟ್ಟಾಗ, 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು.

1989ರ ಏಪ್ರಿಲ್‌ನಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರು, ಬೆಂಬಲ ಹಿಂತೆಗೆಯುವ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಕೊಟ್ಟರು. ಬಳಿಕ ಆ 19 ಮಂದಿಯಲ್ಲಿ 7 ಮಂದಿ, ತಪ್ಪು ಮಾಹಿತಿ ನೀಡಿ ತಮ್ಮ ಸಹಿ ಪಡೆಯಲಾಗಿದೆ ಎಂದು ತಿಳಿಸಿದರು. ಸದನ ಕರೆಯಿರಿ, ಬಹುಮತ ಸಾಬೀತುಪಡಿಸುತ್ತೇನೆ ಎಂದು ಬೊಮ್ಮಾಯಿ ಕೋರಿದರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಆಳಿದ್ದು ಎಂಟು ತಿಂಗಳು, ಎಂಟು ದಿನ.

ಹೈಕೋರ್ಟಿನಲ್ಲಿ ಅವರ ಅರ್ಜಿ ವಜಾ ಆಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಕರಿಹಲಗೆಗೆ ಮೂರು ಅಂಶ ಸಾಕು:

• ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ.
• ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು.
• ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ.

ಕರ್ನಾಟಕದ ವಜಾ ಅಸಾಂವಿಧಾನಿಕ ಎಂದು ಕೋರ್ಟು ಹೇಳಿತು. ಅಷ್ಟರಲ್ಲಿ 1989ರ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಾಗಿತ್ತು. ಬೊಮ್ಮಾಯಿ ಅವರಿಗೆ ಕುರ್ಚಿ ಮರಳಲಿಲ್ಲ. ಮುಂದೆ 1996ರಲ್ಲಿ ಅವರು ಕೇಂದ್ರದ ಮಾನವ ಸಂಪನ್ಮೂಲ ಸಚಿವರಾದರು, 2007ರಲ್ಲಿ ನಿಧನರಾದರು. ನಮ್ಮ ನಾಗರಬಾವಿಯಲ್ಲೇ ಇರುವ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳೂ ಓದುವ ತೀರ್ಪು ಇದು ಎಂದರೆ ಮಕ್ಕಳ ಕುತೂಹಲ ಹೆಚ್ಚುತ್ತದೆ.

ಚಟುವಟಿಕೆ (12 ನಿಮಿಷ)

ತರಗತಿಯಲ್ಲಿ 40 ಮಕ್ಕಳಿದ್ದಾರೆ ಎಂದುಕೊಳ್ಳೋಣ. ಬಹುಮತಕ್ಕೆ 21 ಬೇಕು. ನಾಯಕಿಗೆ 24 ಮಂದಿಯ ಬೆಂಬಲ. ಐದು ಚೀಟಿಗಳು ಶಿಕ್ಷಕರ ಕೈಗೆ ಬರುತ್ತವೆ: "ನಮ್ಮ ಬೆಂಬಲವಿಲ್ಲ." ಉಳಿದದ್ದು 19. ಶಿಕ್ಷಕರು "ನಾಯಕಿ ಸೋತಳು" ಎಂದು ಸಾರುತ್ತಾರೆ. ಆಗ ಇಬ್ಬರು ಎದ್ದು, "ಸಾರ್, ಓದದೇ ಸಹಿ ಹಾಕಿದೆವು" ಎನ್ನುತ್ತಾರೆ. ಈಗ ಕೈ ಎತ್ತಿಸಿ ಎಣಿಸಿ. 21 ಆಗುತ್ತದೆ. ಚೀಟಿ ಎಣಿಸುವುದಕ್ಕೂ ಕೈ ಎಣಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳೇ ಹೇಳಲಿ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಈ ಆಟದ ಫಲಿತಾಂಶವನ್ನು ಚರಿತ್ರೆ ಎಂದು ಕಲಿಸಬಾರದು. 1989ರಲ್ಲಿ ಸದನ ಸೇರಿದ್ದರೆ ಬೊಮ್ಮಾಯಿ ಗೆಲ್ಲುತ್ತಿದ್ದರೇ ಎಂಬುದು ಯಾರಿಗೂ ತಿಳಿಯದು. ಮತ ಎಣಿಸಲೇ ಇಲ್ಲವಲ್ಲ. ತೀರ್ಪು ಹೇಳಿದ್ದು ಅವರು ಗೆದ್ದರೆಂದಲ್ಲ, ಎಣಿಸಬೇಕಿತ್ತು ಎಂದು. ಈ ಸೂಕ್ಷ್ಮ ತಪ್ಪಿದರೆ ಪಾಠ ಪಕ್ಷದ ಮಾತಾಗುತ್ತದೆ. ಮಕ್ಕಳ ಮನೆಗಳಲ್ಲಿ ಎಲ್ಲ ಪಕ್ಷದವರೂ ಇರುತ್ತಾರೆ. "ಯಾರು ಸರಿ?" ಎಂದು ಕೇಳುವ ಬದಲು "ಯಾವ ವಿಧಾನ ಸರಿ?" ಎಂದು ಕೇಳಿ.

ಮೌಲ್ಯಮಾಪನ

1. ಸಹಿ ಮಾಡಿದ ಪತ್ರಗಳು ಬಹುಮತ ನಿರ್ಣಯಕ್ಕೆ ಏಕೆ ಸಾಲವು?
2. ಎರಡೂ ಸದನಗಳು ಒಪ್ಪುವ ಮೊದಲೇ ವಿಧಾನಸಭೆಯನ್ನು ವಿಸರ್ಜಿಸಿದರೆ, ಮುಂದೆ ತಪ್ಪನ್ನು ಸರಿಪಡಿಸಲು ಏಕೆ ಕಷ್ಟ?
3. 2018ರ ಮೇ 17ರಂದು ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾದರು. 19ರಂದು ಬಹುಮತ ಪರೀಕ್ಷೆ ನಡೆಸಲು ಸುಪ್ರೀಂ ಕೋರ್ಟ್ ಆದೇಶಿಸಿತು. ಮತಕ್ಕೆ ಮೊದಲೇ ಅವರು ರಾಜೀನಾಮೆ ಕೊಟ್ಟರು. 1989ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬರೆಯಿರಿ.

ಮನೆಗೆಲಸ

1989ರ ಏಪ್ರಿಲ್ ನೆನಪಿರುವ ಹಿರಿಯರೊಬ್ಬರನ್ನು ಮಾತಾಡಿಸಿ, ಅವರು ಹೇಳಿದ್ದರಲ್ಲಿ ಘಟನೆ ಯಾವುದು, ಅಭಿಪ್ರಾಯ ಯಾವುದು ಎಂದು ಎರಡು ಕಂಬಸಾಲಿನಲ್ಲಿ ಬರೆದು ತರುವುದು.