ಪ್ರಸ್ತಾವ ಬರೆಯುವ ಬಗೆ

ಅರ್ಜಿ ಬರೆಯುವುದು ನಮ್ಮ ಬಂಧುಗಳಲ್ಲಿ ಬಹುಮಂದಿಗೆ ಬರುತ್ತದೆ. ರಜೆಗೆ, ಮುಂಗಡಕ್ಕೆ, ಊರಿನ ಪಹಣಿಗೆ ಬರೆದು ಬರೆದು ಕೈ ಪಳಗಿದೆ. ಪ್ರಸ್ತಾವವೆಂದರೆ ಮಾತ್ರ ಅದು ದೊಡ್ಡವರ ಕೆಲಸವೆಂದು ಹಿಂದೆ ಸರಿಯುತ್ತೇವೆ. ಅರ್ಜಿಯಲ್ಲಿ ನಮ್ಮ ಕಷ್ಟ ಹೇಳಿಕೊಂಡು ಅನುಕೂಲ ಬೇಡುತ್ತೇವೆ. ಪ್ರಸ್ತಾವದಲ್ಲಿ ಒಂದು ಕೆಲಸವನ್ನು ಮುಂದಿಟ್ಟು, ಅದು ಹೇಗೆ ನಡೆಯುತ್ತದೆ, ಖರ್ಚೆಷ್ಟು, ಹೊಣೆ ಯಾರದು ಎಂದು ತಿಳಿಸುತ್ತೇವೆ. ವ್ಯತ್ಯಾಸ ಇಷ್ಟೇ.

ಒಂದು ಉದಾಹರಣೆ ಹಿಡಿಯೋಣ. ಮಹಾಪೆಯ ಕಾರ್ಖಾನೆಗಳಲ್ಲಿ ದುಡಿಯುವವರು ಪಾಳಿ ಮುಗಿಸಿ ಬಂದರೆ ಒಂದು ಖೋಲಿಯಲ್ಲಿ ಆರು ಜನ. ಪತ್ರಿಕೆ ಬಿಡಿಸಲೂ ಜಾಗವಿಲ್ಲ. ನಗರಪಾಲಿಕೆಯ ಶಾಲೆಯ ಒಂದು ಕೊಠಡಿ ಸಂಜೆ 7ರಿಂದ 9ರ ತನಕ ದೊರೆತರೆ ವಾಚನಾಲಯದ ಶಾಖೆಯೊಂದನ್ನು ನಡೆಸಬಹುದು ಎಂದಿಟ್ಟುಕೊಳ್ಳಿ.

ಮೊದಲು ಬಾಗಿಲು ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ನಮ್ಮ ಕಡೆ ಇದೇ ದೊಡ್ಡ ತೊಡಕು. ಕೈಗಾರಿಕಾ ವಸಾಹತಿನ ನಿವೇಶನಗಳು 1962ರಲ್ಲಿ ಸ್ಥಾಪನೆಯಾದ ಎಂಐಡಿಸಿಯ ಕೈಯಲ್ಲಿವೆ. ನವಿ ಮುಂಬಯಿ ಕಟ್ಟಲು 1970ರಲ್ಲಿ ಬಂದದ್ದು ಸಿಡ್ಕೊ. ನಗರಪಾಲಿಕೆಯ ಆಡಳಿತ 1992ರಿಂದ ಈಚಿನದು. ಪಾಲಿಕೆಯ ಶಾಲೆಯ ಕೊಠಡಿಯನ್ನು ಸಿಡ್ಕೊಗೆ ಕೇಳಿದರೆ ಉತ್ತರ ಬಾರದಿದ್ದರೆ ಅಚ್ಚರಿಯಿಲ್ಲ.

ಎರಡನೆಯ ಮಾತು ಗಿರಣಿಯ ಕಚೇರಿಯಲ್ಲಿ ಕಾಗದಗಳ ನಡುವೆಯೇ ದಿನ ಕಳೆಯುವ ನಾವು ಖಚಿತವಾಗಿ ಹೇಳಬಲ್ಲದ್ದು. ನಿಮ್ಮ ಕಾಗದವನ್ನು ಸಾಹೇಬರು ಮೊದಲು ಓದುವುದಿಲ್ಲ. ಮೊದಲು ಓದುವವನು ಗುಮಾಸ್ತ. ಅವನು ಫೈಲಿನಲ್ಲಿ ನಾಲ್ಕು ಸಾಲಿನ ಟಿಪ್ಪಣಿ ಬರೆದು ಮೇಲೆ ಕಳಿಸುತ್ತಾನೆ. ಸಹಿ ಬೀಳುವುದು ಆ ಟಿಪ್ಪಣಿಯನ್ನು ನೋಡಿ. ಆದ್ದರಿಂದ ಆ ನಾಲ್ಕು ಸಾಲನ್ನು ನೀವೇ ಬರೆದುಕೊಡಿ. ವಿಷಯದ ಸಾಲಿನ ಕೆಳಗೇ ಯಾವ ಶಾಲೆ, ಎಷ್ಟು ಕೊಠಡಿ, ಯಾವ ವೇಳೆ, ಎಷ್ಟು ತಿಂಗಳು, ಪಾಲಿಕೆಗೆ ಬೀಳುವ ಖರ್ಚೆಷ್ಟು ಎಂಬುದು ಬಂದುಬಿಡಲಿ. ಕನ್ನಡ ತಾಯಿಯ ಸೇವೆ, ನಾಡುನುಡಿಯ ಅಭಿಮಾನ ಇವೆಲ್ಲ ರಾಜ್ಯೋತ್ಸವದ ಭಾಷಣಕ್ಕೆ ಒಪ್ಪುತ್ತವೆ. ಇಲ್ಲಿ ಟಿಪ್ಪಣಿಗೆ ಇಳಿಯುವುದಿಲ್ಲ.

ಬಳಿಕ, ಕೊಡುವವನಿಗೆ ಏನು ಲಾಭವೆಂದು ತೋರಿಸಬೇಕು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆಯ ಯೋಜನೆ ಮಂಡಿಸಿದಾಗ ಹಣಕಾಸಿನವರು ಹಿಂಜರಿದರು. ರೈತರಿಗೆ ನೀರು ಎಂಬಲ್ಲಿಗೆ ಅವರು ನಿಲ್ಲಿಸಲಿಲ್ಲ. ಶಿವನಸಮುದ್ರದ ವಿದ್ಯುದಾಗಾರಕ್ಕೆ ನೀರು ತಪ್ಪದೆ ಸಿಕ್ಕರೆ ಕೋಲಾರದ ಚಿನ್ನದ ಗಣಿಗಳಿಗೆ ಹೆಚ್ಚು ವಿದ್ಯುತ್ ಮಾರಬಹುದು, ಬೊಕ್ಕಸಕ್ಕೆ ಹಣ ಬರುತ್ತದೆ ಎಂದೂ ಲೆಕ್ಕ ತೋರಿಸಿದರು. ಕೆಲಸವನ್ನು ಎರಡು ಹಂತವಾಗಿ ಒಡೆದರು. 1911ರಲ್ಲಿ ಮಂಜೂರಾತಿ ದೊರೆತು ಕೆಲಸವೂ ಆರಂಭವಾಯಿತು. ನಮ್ಮ ಕೊಠಡಿಗೂ ಅಣೆಕಟ್ಟಿಗೂ ಎಲ್ಲಿಯ ಸಾಟಿ ಎನ್ನಬೇಡಿ. ಸಂಜೆ ಬೀಗ ಬಿದ್ದಿರುವ ಕೊಠಡಿ ಪಾಲಿಕೆಯ ಹೆಸರಿನಲ್ಲಿ ಬಳಕೆಯಾಗುತ್ತದೆ, ಗುಡಿಸಿ ಬೀಗ ಹಾಕುವ ಹೊಣೆ ನಮ್ಮದು, ಆರು ತಿಂಗಳು ಕೊಟ್ಟು ನೋಡಿ ಬಳಿಕ ಮುಂದುವರಿಸಬಹುದು ಎಂದರೆ ಒಪ್ಪುವುದು ಸುಲಭ.

ಖರ್ಚಿನ ಪಟ್ಟಿಯಲ್ಲಿ 'ಸುಮಾರು' ಎಂಬ ಪದ ಬೇಡ. ಕುರ್ಚಿ 20, ಒಂದಕ್ಕೆ 600 ರೂಪಾಯಿಯಂತೆ 12,000, ಕಪಾಟು 2, ಒಂದಕ್ಕೆ 9,000ದಂತೆ 18,000, ಒಟ್ಟು 30,000, ಇದರಲ್ಲಿ ಸಂಘದ ಪಾಲು 10,000 ಎಂದು ಬಿಡಿಸಿ ಬರೆಯಿರಿ. ಅಂಗಡಿಯ ದರಪಟ್ಟಿ ಲಗತ್ತಿಸಿ. ಸ್ವಂತ ಪಾಲು ತೋರಿಸಿದವರ ಮಾತಿಗೆ ತೂಕ ಹೆಚ್ಚು.

ನೋಂದಣಿ ಪತ್ರ, ಹಿಂದಿನ ವರ್ಷದ ಲೆಕ್ಕಪರಿಶೋಧನೆ, ಕಾರ್ಯಕಾರಿ ಸಮಿತಿಯ ಠರಾವು, ಇವುಗಳ ನಕಲು ಜೊತೆಗಿರಲಿ. ಮಹಾರಾಷ್ಟ್ರದಲ್ಲಿ ರಾಜ್ಯದ ಆಡಳಿತ ಭಾಷೆ ಮರಾಠಿ. ಕಾಗದ ಮರಾಠಿಯಲ್ಲೇ ಹೋಗಲಿ. ಮೊದಲು ಕನ್ನಡದಲ್ಲಿ ಬರೆದುಕೊಂಡು, ಮರಾಠಿ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳ ಕೈಯಲ್ಲಿ ಅನುವಾದ ಮಾಡಿಸಬಹುದು. ಅವರಿಗೂ ಸಂಘದ ಕೆಲಸದ ಪರಿಚಯವಾದಂತಾಯಿತು.

ಕಾಗದವನ್ನು ಪರಿಚಯದವರ ಕೈಗೆ ಕೊಟ್ಟು ಬರಬೇಡಿ. ಆವಕ್ ಮೇಜಿನಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಕ್ರಮಾಂಕ ಹಾಕಿಸಿಕೊಳ್ಳಿ. ಹದಿನೈದು ದಿನ ಬಿಟ್ಟು ಆ ಕ್ರಮಾಂಕ ಹಿಡಿದು ವಿಚಾರಿಸಿ. ಎಷ್ಟು ಸಲ ಹೋದರೂ ಉತ್ತರವಿಲ್ಲದಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಫೈಲು ಯಾರ ಮೇಜಿನ ಮೇಲಿದೆಯೆಂದು ಕೇಳಬಹುದು. 30 ದಿನದೊಳಗೆ ಅವರು ಉತ್ತರಿಸಬೇಕಾಗುತ್ತದೆ. ಆ ಅರ್ಜಿಗೂ ಕ್ರಮಾಂಕ ಬೇಕೆಂಬುದು ನೆನಪಿರಲಿ.